ಹೂವಲ್ಲ, ಬೀಜ ಎಲ್ಲಿದೆ ಎಂದು ನೋಡಿ

ಸೈಕಾಸ್ ಗಿಡ ನೋಡಿದರೆ ತಾಳೆಯ ಜಾತಿ ಅನ್ನಿಸುತ್ತದೆ. ಅದರ ಎಳೆ ಎಲೆಯ ಸುರುಳಿ ನೋಡಿದರೆ ಜರಿಗಿಡ ಇರಬಹುದಾ ಎಂಬ ಅನುಮಾನ ಬರುತ್ತದೆ. ಅದು ಎರಡೂ ಅಲ್ಲ, ಪೈನ್ ಮರದ ಬಳಗದ್ದು. 1753ರಲ್ಲಿ ಸ್ವೀಡನ್ನಿನ ಸಸ್ಯವಿಜ್ಞಾನಿ ಕಾರ್ಲ್ ಲಿನೇಯಸ್ ಕೂಡ ಅದನ್ನು ತಾಳೆಗಳ ಜೊತೆಯೇ ಇಟ್ಟಿದ್ದ.

ಲಿನೇಯಸ್ ಗಿಡಗಳನ್ನು ವಿಂಗಡಿಸಿದ್ದು ಹೂವಿನ ಗಂಡು ಭಾಗವಾದ ಕೇಸರ ಮತ್ತು ಹೆಣ್ಣು ಭಾಗವಾದ ಶಲಾಕೆಗಳನ್ನು ಎಣಿಸಿ. ಹೂವೇ ಕಾಣದ ಜರಿಗಿಡ, ಪಾಚಿ, ಅಣಬೆ ಎಲ್ಲವೂ ಅವನ 24ನೇ, ಅಂದರೆ ಕೊನೆಯ ವರ್ಗಕ್ಕೆ ಹೋದವು. ಪೈನ್ ಮಾತ್ರ ಹೂಬಿಡುವ ಗಿಡಗಳ ನಡುವೆ ಸೇರಿಕೊಂಡಿತು. ಬೀಜ ಹೊರುವ ಅದರ ಶಂಕುವನ್ನೂ (ಕೋನ್) ಹೂವೆಂದೇ ಎಣಿಸಿದ್ದರು.

ಈ ಗೊಂದಲ ಬಿಡಿಸಿದ್ದು ಬ್ರಿಟನ್ನಿನ ಸಸ್ಯವಿಜ್ಞಾನಿ ರಾಬರ್ಟ್ ಬ್ರೌನ್. ಸೈಕಾಸ್ ಮತ್ತು ಪೈನ್ ಬಳಗದ ಗಿಡಗಳಲ್ಲಿ ಮುಂದೆ ಬೀಜವಾಗುವ ಅಂಡಕಕ್ಕೆ ಹೊದಿಕೆಯಾಗಿ ಅಂಡಾಶಯವೇ ಇಲ್ಲ, ಪರಾಗ ನೇರವಾಗಿ ಅಂಡಕದ ಮೇಲೇ ಬೀಳುತ್ತದೆ ಎಂದು ಅವನು 1825ರಲ್ಲಿ ಲಂಡನ್‌ನಲ್ಲಿ ವಿವರಿಸಿದ. ನನಗಂತೂ ಈ ಇಡೀ ಕಥೆಯಲ್ಲಿ ಇದೇ ದೊಡ್ಡ ಘಟ್ಟ. ಅಲ್ಲಿಯವರೆಗೆ ಎಲ್ಲರೂ ಹೂವಿನ ರೂಪ ನೋಡುತ್ತಿದ್ದರು. ಬ್ರೌನ್ ಅಂಡಕ ತೆರೆದಿದೆಯೋ ಮುಚ್ಚಿದೆಯೋ ಎಂದು ನೋಡಿದ.

ಜರಿಗಿಡದ ಗುಟ್ಟು ಇನ್ನೂ ತಡವಾಗಿ ತಿಳಿಯಿತು. ಎಲೆಯ ಅಡಿಯ ಕಂದು ಚುಕ್ಕೆಗಳಲ್ಲಿ ಇರುವುದು ಬೀಜವಲ್ಲ, ಬೀಜಕಗಳು, ಅಂದರೆ ಧೂಳಿನಷ್ಟು ಸಣ್ಣ ಒಂಟಿ ಕೋಶಗಳು (ಸ್ಪೋರ್). ಬೀಜಕ ಮೊಳೆತಾಗ ಮೊದಲು ಬೆಳೆಯುವುದು ಜರಿಗಿಡವಲ್ಲ, ಉಗುರಿಗಿಂತ ಚಿಕ್ಕದಾದ ಹಸಿರು ಹಾಳೆ. ಗಂಡು, ಹೆಣ್ಣು ಕೋಶಗಳು ಕೂಡುವುದು ಅದರ ಮೇಲೆ, ಅದಕ್ಕೂ ನೀರಿನ ತೇವ ಬೇಕು. ಜರ್ಮನಿಯ ಸಸ್ಯವಿಜ್ಞಾನಿ ವಿಲ್ಹೆಲ್ಮ್ ಹಾಫ್‌ಮೈಸ್ಟರ್ 1851ರಲ್ಲಿ ಪಾಚಿ, ಜರಿಗಿಡ, ಪೈನ್ ಬಳಗಗಳ ಬದುಕನ್ನು ಜೊತೆಗಿಟ್ಟು ನೋಡಿ, ಪೈನ್ ಬಳಗ ಜರಿಗಿಡಕ್ಕೂ ಹೂಗಿಡಕ್ಕೂ ನಡುವೆ ನಿಲ್ಲುತ್ತದೆ ಎಂದು ತೋರಿಸಿದ. 1896ರಲ್ಲಿ ಜಪಾನಿನ ಹಿರಾಸೆ ಅದಕ್ಕೆ ಗಟ್ಟಿ ಆಧಾರ ಕೊಟ್ಟರು. ಪೈನ್‌ನಂತೆಯೇ ತೆರೆದ ಬೀಜ ಬಿಡುವ ಗಿಂಕ್ಗೊ ಮರದಲ್ಲೂ ಜರಿಗಿಡದ ಹಾಗೆ ಈಜುವ ಗಂಡು ಕೋಶಗಳು ಅವರಿಗೆ ಕಂಡವು!

ಆದರೂ ಹಳೆಯ ಕ್ರಮ ಬೇಗ ಹೋಗಲಿಲ್ಲ. 1862ರಿಂದ 1883ರವರೆಗೆ ಬ್ರಿಟನ್ನಿನ ಸಸ್ಯವಿಜ್ಞಾನಿಗಳಾದ ಬೆಂಥಮ್ ಮತ್ತು ಹೂಕರ್ ಹೊರತಂದ ದೊಡ್ಡ ವರ್ಗೀಕರಣದಲ್ಲಿ ಪೈನ್ ಬಳಗ ದ್ವಿದಳ ಮತ್ತು ಏಕದಳ ಹೂಗಿಡಗಳ ನಡುವೆಯೇ ಕೂತಿದೆ.

ಇವತ್ತು ಗಿಡ ಗುರುತಿಸುವಾಗ ಬರೀ ಹೂ ಹುಡುಕಿದರೆ ಸಾಲದು. ಹುಲ್ಲಿನ ಹೂವಿಗೆ ಬಣ್ಣದ ದಳವೇ ಇಲ್ಲ, ಆದರೂ ಅದು ಹೂಗಿಡ. ಅದರ ಅಂಡಕ ಅಂಡಾಶಯದೊಳಗೆ ಮುಚ್ಚಿರುತ್ತದೆ, ಅಲ್ವಾ? ಜರಿಗಿಡದಲ್ಲಿ ಬೀಜವೇ ಸಿಗದು. ಪೈನ್‌ನಲ್ಲಿ ಬೀಜಗಳು ಶಂಕುವಿನ ಹುರುಪೆಗಳ ಮೇಲೆ ಕೂತಿರುತ್ತವೆ. ಜಾಸ್ತಿ ಮೋಸ ಮಾಡುವುದು ಪೈನ್ ಬಳಗದ್ದೇ ಆದ ಯೂ ಮರ. ಅದರ ಕೆಂಪು ಕಾಯಿ ಥೇಟ್ ಹಣ್ಣಿನಂತೆಯೇ ಇರುತ್ತದೆ. ತುದಿಯನ್ನು ನೋಡಿ: ಆ ಕೆಂಪು ತಿರುಳು ಅಲ್ಲಿ ತೆರೆದಿರುತ್ತದೆ, ಒಳಗಿನ ಬೀಜ ಹೊರಗಿನಿಂದಲೇ ಕಾಣುತ್ತದೆ.