ಕಣ್ಣು ಮುಚ್ಚಿ ತೆರೆಯುವಷ್ಟರಲ್ಲಿ

1963ರಲ್ಲಿ ರೋಸಿ ಗ್ರಿಯರ್ ನ್ಯೂಯಾರ್ಕ್ ಜೈಂಟ್ಸ್ ತಂಡವನ್ನು ಬಿಟ್ಟು ಲಾಸ್ ಏಂಜಲೀಸ್ ರ್‍ಯಾಮ್ಸ್ ತಂಡಕ್ಕೆ ಬಂದರು. ಅಲ್ಲಿ ಆಗಲೇ ಆಡುತ್ತಿದ್ದ ಡೀಕನ್ ಜೋನ್ಸ್, ಮರ್ಲಿನ್ ಓಲ್ಸನ್ ಮತ್ತು ಲಮಾರ್ ಲಂಡಿಯವರ ಜೊತೆ ಅವರು ನಿಂತಾಗ, ಅಮೆರಿಕನ್ ಫುಟ್‌ಬಾಲಿನಲ್ಲಿ ಇಂದಿಗೂ ನೆನೆಯುವ ರಕ್ಷಣಾ ಸಾಲೊಂದು ಸಿದ್ಧವಾಯಿತು. ‘ಫಿಯರ್ಸಮ್ ಫೋರ್ಸಮ್’, ಅಂದರೆ ಭಯಂಕರ ನಾಲ್ವರು, ಎಂಬ ಹೆಸರು ಬೇರೆ ತಂಡಗಳ ಸಾಲುಗಳಿಗೂ ಇತ್ತು. ಕೊನೆಗೆ ಉಳಿದುಕೊಂಡದ್ದು ಮಾತ್ರ ಇವರಿಗೆ.

ಎದುರಾಳಿ ತಂಡದ ದಾಳಿಯನ್ನು ನಡೆಸುವ ಆಟಗಾರ, ಅಂದರೆ ಕ್ವಾರ್ಟರ್‌ಬ್ಯಾಕ್, ಚೆಂಡನ್ನು ಕೈಗೆತ್ತಿಕೊಂಡು ಎಸೆಯುವುದಕ್ಕೆ ಸಿಗುವ ಸಮಯ ಸುಮಾರು ಮೂರು ಸೆಕೆಂಡು. ಅಷ್ಟರೊಳಗೆ ಈ ನಾಲ್ವರು ತಮ್ಮನ್ನು ತಡೆಯಲೆಂದೇ ನಿಂತವರನ್ನು ದಾಟಿ, ಕೆಲವೇ ಮೀಟರ್ ಹಿಂದಿರುವ ಆತನನ್ನು ಕೆಡವಬೇಕಿತ್ತು. ಹೀಗೆ ಕೆಡವುವುದಕ್ಕೆ ‘ಸ್ಯಾಕ್’ ಎಂಬ ಮಾತನ್ನು ರೂಢಿಗೆ ತಂದ ಕೀರ್ತಿ ಜೋನ್ಸ್ ಅವರಿಗೆ ಸಲ್ಲುತ್ತದೆ. ಆದರೆ ಈ ತಂಡಗಳು ಆಡುವ ವೃತ್ತಿಪರ ಲೀಗ್ ಎನ್‌ಎಫ್‌ಎಲ್ ಸ್ಯಾಕುಗಳನ್ನು ಅಧಿಕೃತವಾಗಿ ಎಣಿಸತೊಡಗಿದ್ದು 1982ರಲ್ಲಿ, ಜೋನ್ಸ್ ನಿವೃತ್ತರಾಗಿ ಎಂಟು ವರ್ಷಗಳಾದ ಮೇಲೆ. ನನಗೆ ಇದೊಂದು ದೊಡ್ಡ ಅನ್ಯಾಯವೆಂದೇ ಅನ್ನಿಸುತ್ತದೆ.

ಜೋನ್ಸ್ ಅವರ ತೂಕ ಸುಮಾರು 123 ಕಿಲೋಗ್ರಾಂ. ಅಂಥ ದೇಹ ಸೆಕೆಂಡಿಗೆ 5 ಮೀಟರ್ ವೇಗದಲ್ಲಿ ನುಗ್ಗಿತೆಂದುಕೊಂಡರೆ ಅದರ ಚಲನಶಕ್ತಿ 1,500 ಜೂಲ್‌ಗಿಂತ ಹೆಚ್ಚಾಗುತ್ತದೆ. ಆದರೂ ಗೆಲುವಿನ ಗುಟ್ಟು ತೂಕವೊಂದರಲ್ಲೇ ಇರಲಿಲ್ಲ, ಏಕೆಂದರೆ ಎದುರು ನಿಂತವರೂ ಭಾರಿ ದೇಹದವರೇ. ಗುಟ್ಟು ಇದ್ದದ್ದು ಎದುರಾಳಿಯ ನರಮಂಡಲದಿಂದ ಸೆಕೆಂಡಿನ ಒಂದು ಸಣ್ಣ ತುಣುಕನ್ನು ಕದಿಯುವುದರಲ್ಲಿ. ಜೋನ್ಸ್ ಮತ್ತು ಓಲ್ಸನ್ ಒಬ್ಬರ ದಾರಿಗೆ ಮತ್ತೊಬ್ಬರು ಅಡ್ಡ ಹಾಯ್ದು ಜಾಗ ಬದಲಿಸಿಕೊಂಡಾಗ, ಯಾರನ್ನು ತಡೆಯಬೇಕೆಂದು ಎದುರಿನವರು ಹೊಸದಾಗಿ ತೀರ್ಮಾನಿಸಬೇಕಾಗುತ್ತಿತ್ತು. ಆಯ್ಕೆಗಳು ಹೆಚ್ಚಿದಷ್ಟೂ ಪ್ರತಿಕ್ರಿಯೆ ತಡವಾಗುತ್ತದೆ ಎಂಬುದನ್ನು ಮನೋವಿಜ್ಞಾನಿ ವಿಲಿಯಂ ಹಿಕ್ 1952ರಲ್ಲೇ ಪ್ರಯೋಗದಿಂದ ತೋರಿಸಿದ್ದರು.

ಜೋನ್ಸ್ ಅವರ ಹೆಸರಿಗೆ ಅಂಟಿಕೊಂಡ ‘ಹೆಡ್ ಸ್ಲ್ಯಾಪ್’ ಇದಕ್ಕಿಂತ ನೇರವಾದ ಉಪಾಯ. ಆಟ ಶುರುವಾದೊಡನೆ ಅಂಗೈಯಿಂದ ಎದುರಾಳಿಯ ಹೆಲ್ಮೆಟ್ಟಿನ ಪಕ್ಕಕ್ಕೆ ಬಲವಾಗಿ ಬಾರಿಸುವುದೇ ಅದು. ಮುಖದತ್ತ ವೇಗವಾಗಿ ಏನೇ ಬಂದರೂ ನಾವು ಬಯಸಲಿ ಬಿಡಲಿ, ರೆಪ್ಪೆ ಮುಚ್ಚಿಕೊಳ್ಳುತ್ತದೆ. ಎಷ್ಟು ಅಭ್ಯಾಸ ಮಾಡಿದರೂ ಈ ಪ್ರತಿಕ್ರಿಯೆಯನ್ನು ಪೂರ್ತಿ ಅಡಗಿಸಲಾಗದು. ರೆಪ್ಪೆ ಮತ್ತೆ ತೆರೆದು, ತಿರುಗಿದ ಕತ್ತು ನೆಟ್ಟಗಾಗುವ ಹೊತ್ತಿಗೆ ಜೋನ್ಸ್ ಆತನ ಪಕ್ಕದಿಂದ ದಾಟಿರುತ್ತಿದ್ದರು. ಆ ಕಾಲದ ನಿಯಮದಂತೆ ತಡೆಯುವವನು ಕೈಗಳನ್ನು ಮುಂದಕ್ಕೆ ಚಾಚುವಂತೆಯೂ ಇರಲಿಲ್ಲ. ಆ ಸವಲತ್ತು ಸಿಕ್ಕಿದ್ದು 1978ರಲ್ಲಿ.

ಏಟು ತಿಂದ ತಲೆಯೊಳಗೆ ಏನಾಗುತ್ತಿತ್ತು ಎಂಬುದನ್ನು ಆಗ ಹೆಚ್ಚು ಜನ ಕೇಳಲಿಲ್ಲ. ಮಿದುಳು ಮೃದುವಾದ ಅಂಗ. ಬುರುಡೆಯೊಳಗೆ ದ್ರವದ ನಡುವೆ ತೇಲುತ್ತಿರುತ್ತದೆ. ಪಕ್ಕದಿಂದ ಬಿದ್ದ ಏಟು ತಲೆಯನ್ನು ಥಟ್ಟನೆ ತಿರುಗಿಸಿದಾಗ, ಮಿದುಳಿನ ಬೇರೆಬೇರೆ ಭಾಗಗಳು ಒಂದೇ ವೇಗದಲ್ಲಿ ತಿರುಗದೆ, ಅವುಗಳ ನಡುವೆ ಹಾದುಹೋಗುವ ಉದ್ದನೆಯ ನರತಂತುಗಳು ಎಳೆದಾಡಿಸಿಕೊಳ್ಳುತ್ತವೆ. ಗಟ್ಟಿ ಹೆಲ್ಮೆಟ್ ಬುರುಡೆ ಒಡೆಯದಂತೆ ಕಾಪಾಡಬಲ್ಲದು. ಒಳಗಿನ ಈ ತಿರುಚಾಟವನ್ನು ತಡೆಯುವ ಶಕ್ತಿ ಅದಕ್ಕೆ ತೀರ ಕಡಿಮೆ. ಮುಷ್ಟಿಯುದ್ಧ ಆಡುವವರಲ್ಲಿ ಇಂಥ ಹಾನಿಯನ್ನು ಹ್ಯಾರಿಸನ್ ಮಾರ್ಟ್‌ಲ್ಯಾಂಡ್ ಎಂಬ ವೈದ್ಯರು 1928ರಲ್ಲೇ ವರದಿ ಮಾಡಿದ್ದರೂ, ಫುಟ್‌ಬಾಲಿನವರು ಅದನ್ನು ತಮ್ಮ ಆಟಕ್ಕೆ ಅನ್ವಯಿಸಿಕೊಳ್ಳಲು ದಶಕಗಳೇ ಹಿಡಿದವು.

ಹೆಡ್ ಸ್ಲ್ಯಾಪನ್ನು ಲೀಗ್ ನಿಷೇಧಿಸಿದ್ದು 1977ರಲ್ಲಿ. 2002ರಲ್ಲಿ ತೀರಿಕೊಂಡ ಫುಟ್‌ಬಾಲ್ ಆಟಗಾರ ಮೈಕ್ ವೆಬ್‌ಸ್ಟರ್ ಅವರ ಮಿದುಳನ್ನು ಪರೀಕ್ಷಿಸಿದ ಡಾ. ಬೆನೆಟ್ ಒಮಾಲು, ಅದರಲ್ಲಿ ಟೌ ಎಂಬ ಪ್ರೋಟೀನು ಅಸಹಜವಾಗಿ ಸೇರಿಕೊಂಡಿರುವುದನ್ನು ಕಂಡು, ಪದೇ ಪದೇ ಬಿದ್ದ ಪೆಟ್ಟುಗಳಿಂದ ಬರುವ ಕಾಯಿಲೆಯನ್ನು ಗುರುತಿಸಿದರು. ವೆಬ್‌ಸ್ಟರ್ ರಕ್ಷಣಾ ಸಾಲಿನವರಲ್ಲ, ಆ ಸಾಲಿನ ಹೊಡೆತಕ್ಕೆ ಎದುರಾಗಿ ನಿಲ್ಲುತ್ತಿದ್ದವರು. ಹದಿನೇಳು ವರ್ಷ ಆಡಿದ ಅವರ ಕಾಯಿಲೆಯನ್ನು ಒಂದೇ ಬಗೆಯ ಏಟಿನ ತಲೆಗೆ ಕಟ್ಟಲಾಗದು. ಆದರೆ ಅವರು ವೃತ್ತಿಪರ ಆಟಕ್ಕೆ ಕಾಲಿಟ್ಟದ್ದು 1974ರಲ್ಲಿ. ಮೊದಲ ಮೂರು ವರ್ಷ ಆ ಏಟು ನಿಯಮಬದ್ಧವಾಗಿಯೇ ಇತ್ತು.