ಊಟಿ, ಕೂನೂರಿನಲ್ಲಿ ಹೆರಿಟೇಜ್ ಹೋಟೆಲ್: ದುಡ್ಡು ಕಟ್ಟುವ ಮೊದಲು ಏನೇನು ಕೇಳಬೇಕು?

ಓದುಗರ ಪ್ರಶ್ನೆ: ಅಪ್ಪ, ಅಮ್ಮನನ್ನು ಕರೆದುಕೊಂಡು ಮೂರು ದಿನ ನೀಲಗಿರಿಗೆ ಹೋಗುವವರಿದ್ದೇವೆ. ಟೀ ತೋಟದ ನಡುವೆ, ಬ್ರಿಟಿಷರ ಕಾಲದ ಬಂಗಲೆಯಲ್ಲಿ ಉಳಿಯುವ ಆಸೆ. ಹುಡುಕಿದಲ್ಲೆಲ್ಲ ‘ಹೆರಿಟೇಜ್’ ಎಂದೇ ಬರೆದಿದೆ. ನಿಜವಾಗಿ ಹಳೆಯದು ಯಾವುದು, ವಯಸ್ಸಾದವರಿಗೆ ಒಗ್ಗುವುದು ಯಾವುದು ಎಂದು ತಿಳಿಯುವುದು ಹೇಗೆ?

ಉತ್ತರ: ಹೋಟೆಲಿಗಿಂತ ಮೊದಲು ಊರನ್ನು ಆರಿಸಿ. ಕಿಟಕಿ ತೆರೆದರೆ ಟೀ ತೋಟ ಕಾಣಬೇಕು ಎನ್ನುವವರಿಗೆ ಊಟಿಗಿಂತ ಕೂನೂರು, ಕೋಟಗಿರಿಯೇ ಸರಿ. ಊಟಿ ಪಟ್ಟಣ ಇರುವುದು ಸುಮಾರು 2,240 ಮೀಟರ್ ಎತ್ತರದಲ್ಲಿ. ಅದರ ತಗ್ಗುಗಳಲ್ಲಿ ಡಿಸೆಂಬರ್, ಜನವರಿಯ ಬೆಳಗಿನ ಜಾವ ಇಬ್ಬನಿ ಹೆಪ್ಪುಗಟ್ಟಿ ಹಿಮ ಕೂರುತ್ತದೆ, ಟೀ ಚಿಗುರು ಅದನ್ನು ತಾಳುವುದಿಲ್ಲ. ಅದಕ್ಕೇ ಊರ ಸುತ್ತ ತರಕಾರಿ ಹೊಲ, ನೀಲಗಿರಿ ಮರಗಳೇ ಹೆಚ್ಚು. ಕೂನೂರು ಸುಮಾರು 1,850 ಮೀಟರ್‌ನಲ್ಲಿದೆ, ಚಳಿ ಒಂದು ಹದ ಕಡಿಮೆ, ತೋಟಗಳು ಊರಿನ ಅಂಚಿನಿಂದಲೇ ಶುರು. ಮಂಡಿನೋವು, ಉಬ್ಬಸ ಇರುವ ಹಿರಿಯರಿಗೂ ಇದೇ ಹಿತ. ಊಟಿ ನೋಡಲೇಬೇಕೆಂದರೆ ಕೂನೂರಿನಿಂದ ಪುಟಾಣಿ ರೈಲು ಹತ್ತಿದರಾಯಿತು, ಒಂದು ಗಂಟೆ ಚಿಲ್ಲರೆಯ ಪ್ರಯಾಣ.

ಮಳೆಯ ಲೆಕ್ಕವೂ ಬೇರೆ. ಜೂನ್‌ನಿಂದ ಆಗಸ್ಟ್‌ವರೆಗೆ ಮುಂಗಾರು ಊಟಿಯ ಕಡೆ ಜೋರು. ಪೂರ್ವಕ್ಕೆ ಮುಖ ಮಾಡಿರುವ ಕೂನೂರಿಗೆ ಅಕ್ಟೋಬರ್, ನವೆಂಬರ್‌ನ ಹಿಂಗಾರೇ ದೊಡ್ಡ ಮಳೆ. ಆ ಎರಡು ತಿಂಗಳಲ್ಲಿ ಮಣ್ಣು ಕುಸಿದು, ಬೆಟ್ಟದ ಬುಡದ ಮೇಟ್ಟುಪಾಳಯದ ಕಡೆಯ ರೈಲು ನಿಲ್ಲುವುದು ಮಾಮೂಲು.

ಇನ್ನು ‘ಹೆರಿಟೇಜ್’ ಎಂಬ ಪದ. ಕೇಂದ್ರ ಪ್ರವಾಸೋದ್ಯಮ ಸಚಿವಾಲಯದ ಹೆರಿಟೇಜ್ ದರ್ಜೆ ಸಿಗಲು ಕಟ್ಟಡ 1950ಕ್ಕಿಂತ ಹಿಂದಿನದಾಗಿರಬೇಕು. ಆದರೆ ಆ ದರ್ಜೆಗೆ ಹೋಟೆಲಿನವರೇ ಬೇಕೆಂದು ಅರ್ಜಿ ಹಾಕಬೇಕು. ಹೀಗಾಗಿ ಅಪ್ಪಟ ಹಳೆ ಬಂಗಲೆಗೆ ಅದು ಇಲ್ಲದಿರಬಹುದು, ಹತ್ತು ವರ್ಷದ ಹಿಂದೆ ಕಟ್ಟಿದ ಲಾಡ್ಜಿನ ಬೋರ್ಡಿನಲ್ಲಿ ಆ ಪದ ಇರಬಹುದು. ಇಸವಿ ಕೇಳಿ, ಕಟ್ಟಿಸಿದವರು ಯಾರು, ಮೊದಲು ಏನಾಗಿತ್ತು ಎಂದೂ ಕೇಳಿ. ನಿಜವಾದ ಹಳೆ ಮನೆಗೆ ಒಂದು ಚರಿತ್ರೆ ಇದ್ದೇ ಇರುತ್ತದೆ. ಊಟಿಯ ಸವಾಯ್ ಹೋಟೆಲ್ ತನ್ನ ಮೂಲವನ್ನು 1829ಕ್ಕೆ ಒಯ್ಯುತ್ತದೆ. ಫರ್ನ್‌ಹಿಲ್ ಅರಮನೆ 1844ರಲ್ಲಿ ಬಂಗಲೆಯಾಗಿ ಎದ್ದು, ಮುಂದೆ ನಮ್ಮ ಮೈಸೂರು ಅರಸರ ಬೇಸಿಗೆ ಅರಮನೆಯಾಯಿತು.

ಬಹಳ ಜನ ಮೋಸ ಹೋಗುವುದು ಇಲ್ಲಿಂದ ಮುಂದೆ. ಹೋಟೆಲ್ ಹಳೆಯದೇ, ನಿಮಗೆ ಕೊಟ್ಟ ಕೋಣೆ ಮಾತ್ರ ಹಿತ್ತಲಲ್ಲಿ ಎದ್ದ ಹೊಸ ಬ್ಲಾಕಿನದು! ಜಾಹೀರಾತಿನ ಚಿತ್ರವೆಲ್ಲ ಹಳೆ ಭಾಗದ್ದು, ಕೋಣೆಗಳ ಬಹುಪಾಲು ಹೊಸ ಭಾಗದಲ್ಲಿ. ಬುಕಿಂಗ್ ಆ್ಯಪಿನಲ್ಲಿರುವ ‘ಡೀಲಕ್ಸ್’, ‘ಪ್ರೀಮಿಯಂ’ ಹೆಸರುಗಳಿಂದ ಇದು ಗೊತ್ತಾಗುವುದಿಲ್ಲ. ನೇರ ಫೋನ್ ಮಾಡಿ, ಹಳೆ ಕಟ್ಟಡದ್ದೇ ಕೋಣೆ ಬೇಕು ಎಂದು ಹೇಳಿ, ಕೋಣೆ ಸಂಖ್ಯೆಯನ್ನು ಇಮೇಲ್‌ನಲ್ಲಿ ಬರೆಸಿಕೊಳ್ಳಿ. ಅತಿಥಿಗಳು ಹಾಕಿದ ಚಿತ್ರಗಳಲ್ಲಿ ಎತ್ತರದ ಚಾವಣಿ, ಮರದ ಹಲಗೆಯ ನೆಲ, ಕಿಟಕಿಯ ಬಳಿ ಗೋಡೆಯ ದಪ್ಪ ನೋಡಿದರೆ ಹಳೆ ಕೋಣೆ ಯಾವುದೆಂದು ತಿಳಿಯುತ್ತದೆ. ಮಳೆಗಾಲದ ಚಿತ್ರಗಳನ್ನೇ ಹುಡುಕಿ. ಗೋಡೆಯ ಬೂಷ್ಟು ಆಗಲೇ ಕಾಣುವುದು. ಮುಗ್ಗಲು ವಾಸನೆ ಎಂದು ನಾಲ್ಕು ಜನ ಬರೆದಿದ್ದರೆ ಉಬ್ಬಸದವರನ್ನು ಅಲ್ಲಿಗೆ ಕರೆದೊಯ್ಯಬೇಡಿ.

ಹಳೆ ಕೋಣೆ ಸಿಕ್ಕಿತು ಎನ್ನಿ. ಅಲ್ಲಿ ಮೊದಲು ಕಾಡುವುದು ಬಚ್ಚಲು. ಆ ಕಾಲದ ಬಂಗಲೆಗಳಲ್ಲಿ ಬಚ್ಚಲು ಹಿಂದಿನ ಗೋಡೆಗೆ ಅಂಟಿಕೊಂಡಿರುತ್ತಿತ್ತು, ಇಡೀ ಕೋಣೆಯಲ್ಲಿ ಅತಿ ತಣ್ಣಗಿನ ಜಾಗ ಅದೇ. ನಡುವೆ ಒಂದೆರಡು ಮೆಟ್ಟಿಲೂ ಇರಬಹುದು, ರಾತ್ರಿ ಎದ್ದ ಹಿರಿಯರು ಎಡವುವುದು ಅಲ್ಲೇ. ಮೆಟ್ಟಿಲಿದೆಯೇ, ಹಿಡಿಕೆ ಇದೆಯೇ ಎಂದು ಕೇಳಿ. ಗೀಸರ್ ಎಷ್ಟು ಲೀಟರಿನದು ಎಂದೂ ಕೇಳಿ. ನಲ್ಲಿಯ ನೀರು 12 ಡಿಗ್ರಿ, ಗೀಸರಿನದು 60 ಡಿಗ್ರಿ ಎಂದಿಟ್ಟುಕೊಂಡರೆ, 15 ಲೀಟರ್ ಗೀಸರಿನಿಂದ ಸ್ನಾನದ ಹದದ ನೀರು ಸಿಗುವುದು 28 ಲೀಟರ್ ಆಸುಪಾಸು, ಅಂದರೆ ಒಬ್ಬರ ಸ್ನಾನಕ್ಕೆ. ಮತ್ತೆ ಕಾಯಲು 2 ಕಿಲೋವ್ಯಾಟ್ ಕಾಯಿಲ್‌ಗೂ 25 ನಿಮಿಷ ಬೇಕು. ಚಿತ್ರದಲ್ಲಿ ಅಂದವಾಗಿ ಕಾಣುವ ಬಾತ್‌ಟಬ್ ಇದರಿಂದ ತುಂಬುವುದಿಲ್ಲ.

ಎರಡನೆಯದು ಬೆಂಕಿಗೂಡು. ಅದು ಉರಿಯುತ್ತದೆಯೇ ಅಥವಾ ಬರೀ ಅಲಂಕಾರವೇ, ಸೌದೆಗೆ ಬೇರೆ ದುಡ್ಡೇ, ಚಿಮಣಿಯನ್ನು ಈಚೆಗೆ ಸ್ವಚ್ಛ ಮಾಡಿಸಿದ್ದಾರೆಯೇ ಎಂದು ವಿಚಾರಿಸಿ. ಹಕ್ಕಿಗೂಡು ಕಟ್ಟಿದ ಚಿಮಣಿ, ಹಸಿ ಸೌದೆ ಎರಡರಿಂದಲೂ ಹೊಗೆ ಕೋಣೆಗೇ ತಿರುಗುತ್ತದೆ. ಸೌದೆ ಹಚ್ಚುವ ಮುನ್ನ ಒಂದು ಕಾಗದ ಉರಿಸಿ, ಹೊಗೆ ಮೇಲಕ್ಕೆ ಎಳೆಯುತ್ತಿದೆಯೇ ನೋಡಿ. ಮಲಗುವ ಮುಂಚೆ ಬೆಂಕಿ ಪೂರ್ತಿ ಆರಿರಬೇಕು. ಇದ್ದಿಲಿನ ಅಗ್ಗಿಷ್ಟಿಕೆಯನ್ನಂತೂ ಯಾವ ಕಾರಣಕ್ಕೂ ಮುಚ್ಚಿದ ಕೋಣೆಯೊಳಗೆ ಇಡಿಸಿಕೊಳ್ಳಬೇಡಿ. ಅದರಿಂದ ಬರುವ ಕಾರ್ಬನ್ ಮೋನಾಕ್ಸೈಡಿಗೆ ವಾಸನೆಯಿಲ್ಲ, ಮಲಗಿದವರು ಏಳುವುದೇ ಇಲ್ಲ. ಹಿರಿಯರಿಗೆ ಎಣ್ಣೆ ತುಂಬಿದ ರೇಡಿಯೇಟರ್ ಹೀಟರ್, ಹಾಸಿಗೆಯೊಳಗೆ ಬಿಸಿನೀರಿನ ಚೀಲ ಸಾಕು. ಹಳೆ ವೈರಿಂಗಿನಲ್ಲಿ ಹೀಟರು, ಗೀಸರು ಒಟ್ಟಿಗೆ ಹಾಕಿದರೆ ಫ್ಯೂಸ್ ಹೋಗುತ್ತದೆ, ಒಂದಾದ ಮೇಲೊಂದು ಹಾಕಿ.

ಮರದ ನೆಲ ಮೇಲಂತಸ್ತಿನವರ ಪ್ರತಿ ಹೆಜ್ಜೆಯನ್ನೂ ಕೆಳಗೆ ಕೇಳಿಸುತ್ತದೆ. ಮೇಲೆ ಯಾರೂ ಇರದ, ಅಂದರೆ ಒಂದೇ ಅಂತಸ್ತಿನ ಕಟ್ಟಡ ಸಿಕ್ಕರೆ ಹಿರಿಯರಿಗೆ ಮೆಟ್ಟಿಲೂ ತಪ್ಪಿತು, ಸದ್ದೂ ತಪ್ಪಿತು. ತೋಟದ ಬಂಗಲೆಯಾದರೆ ಟೀ ಫ್ಯಾಕ್ಟರಿ ಎಷ್ಟು ದೂರ ಎಂದು ಕೇಳಿ. ಸೊಪ್ಪು ಬಾಡಿಸುವ ಫ್ಯಾನುಗಳು ರಾತ್ರಿಯೂ ತಿರುಗುತ್ತವೆ. ಕತ್ತಲಾದ ಮೇಲೆ ತೋಟದಲ್ಲಿ ಅಡ್ಡಾಡುವುದು ಬೇಡ, ಕಾಟಿ, ಕರಡಿ ಓಡಾಡುವ ಜಾಗ ಅದು.

ಬೆಲೆ ನೋಡುವಾಗ ತೆರಿಗೆಯ ಗೆರೆ ಮರೆಯಬೇಡಿ. 2025ರ ಸೆಪ್ಟೆಂಬರ್ 22ರಿಂದ ದಿನಕ್ಕೆ 7,500 ರೂಪಾಯಿವರೆಗಿನ ಕೋಣೆಗೆ ಜಿಎಸ್‌ಟಿ ಶೇ 5, ಅದಕ್ಕೂ ಮೇಲಾದರೆ ಶೇ 18. ಹಾಗಾಗಿ 7,500ರ ಕೋಣೆ 7,875ಕ್ಕೆ ಮುಗಿದರೆ, 7,600ರ ಕೋಣೆ 8,968 ಆಗುತ್ತದೆ. ಏಪ್ರಿಲ್, ಮೇ ಸೀಸನ್ನಿನಲ್ಲಿ ದರ ಏರುತ್ತದೆ, ಕೂನೂರಿನಲ್ಲಿ ನೀರಿಗೂ ತತ್ವಾರ. ಕೈ ಬಿಡುವಿದ್ದರೆ ಜನವರಿ ಕೊನೆಯಿಂದ ಮಾರ್ಚ್ ಒಳಗೆ ಹೋಗಿಬನ್ನಿ. ಅಲ್ಲಿನ ಸಿಬ್ಬಂದಿಯಲ್ಲಿ ನೀಲಗಿರಿಯ ಬಡಗ ಸಮುದಾಯದವರಿದ್ದರೆ ನಿಧಾನವಾಗಿ ಕನ್ನಡದಲ್ಲೇ ಮಾತಾಡಿಸಿ. ಅವರ ನುಡಿ ನಮ್ಮದಕ್ಕೆ ತೀರ ಹತ್ತಿರ, ಇಂಗ್ಲಿಷಿನಲ್ಲಿ ಸಿಗದ ಉತ್ತರ ಆಗ ಸಿಗುತ್ತದೆ.

ಸ್ವಂತ ಕಾರಿನಲ್ಲಿ ಹೋಗುವವರಿಗೆ ನೀಲಗಿರಿ ಪ್ರವೇಶಕ್ಕೆ ಇ-ಪಾಸ್ ಬೇಕು, 2024ರ ಮೇ 7ರಿಂದ ಜಾರಿಗೆ ಬಂದ ನಿಯಮ ಇದು. ಹೊರಡುವ ಮುನ್ನ ಆನ್‌ಲೈನ್‌ನಲ್ಲಿ ಮಾಡಿಸಿ. ಪ್ಲಾಸ್ಟಿಕ್ ನೀರಿನ ಬಾಟಲಿಗಳನ್ನು ಚೆಕ್‌ಪೋಸ್ಟಿನಲ್ಲಿ ಕಿತ್ತುಕೊಳ್ಳುತ್ತಾರೆ, ಸ್ಟೀಲ್ ಬಾಟಲಿ ಒಯ್ಯಿರಿ. ಬಂಡೀಪುರದ ರಸ್ತೆ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಮುಚ್ಚಿರುತ್ತದೆ. ವಾಪಸು ಬರುವ ದಿನ ಕೂನೂರಿನಿಂದ ಮಧ್ಯಾಹ್ನ ಊಟ ಮುಗಿದ ಕೂಡಲೇ ಹೊರಡಿ, ಊಟಿಯಿಂದಾದರೆ ನಾಲ್ಕು ಗಂಟೆಯೊಳಗೆ.