ಬಾವಿಯಲ್ಲಿ ಬಾಣದ ಗುರುತು ಬೇಡ

ವಿಡಿಯೋ ಗೇಮ್ ಮಾಡಬೇಕು ಅಂತ ನಮ್ಮ ತಂಡಕ್ಕೆ ಬರುವ ಹುಬ್ಬಳ್ಳಿ-ಧಾರವಾಡದ ಹುಡುಗರ ಬಾಯಲ್ಲಿ ಎರಿಕ್ ಬರೋನ್ ಹೆಸರು ಇದ್ದೇ ಇರುತ್ತದೆ. 'ಸ್ಟಾರ್‌ಡ್ಯೂ ವ್ಯಾಲಿ' ಅನ್ನುವ ಗೇಮಿನ ಕೋಡ್, ಚಿತ್ರ, ಸಂಗೀತ, ಕಥೆ ಎಲ್ಲ ಅವರೊಬ್ಬರದೇ ಕೆಲಸ. ನಾಲ್ಕು ವರ್ಷಕ್ಕೂ ಜಾಸ್ತಿ ದುಡಿದು 2016ರಲ್ಲಿ ಬಿಡುಗಡೆ ಮಾಡಿದರು. "ಹಂಗಾರ ತಂಡ ಯಾಕ ಬೇಕ್ರಿ ಸರ್?" ಅಂತ ಹುಡುಗರು ಕೇಳುತ್ತಾರೆ.

ನಮ್ಮಲ್ಲಿ ಹೆಚ್ಚಿನವರಿಗೆ ಅದರಲ್ಲಿ ಒಂದೇ ಕೆಲಸ ಚೆನ್ನಾಗಿ ಬರುತ್ತದೆ, ಅದಕ್ಕೇ ಬೇಕು. ಆದರೆ ಪ್ರತಿಯೊಂದಕ್ಕೂ ಕೈ ಎತ್ತಿಸಿ ತೀರ್ಮಾನ ಮಾಡಿದರೆ ಗೇಮ್ ಸಪ್ಪೆಯಾಗುತ್ತದೆ.

ವಾಲ್ವ್ ಕಂಪನಿಯ 'ಹಾಫ್-ಲೈಫ್' ಗೇಮ್ 1997ರಲ್ಲೇ ಬರಬೇಕಿತ್ತು. ಆಡಿದರೆ ಮಜಾ ಇರಲಿಲ್ಲ. ಆಗ ಒಂದು ಚಿಕ್ಕ ಗುಂಪು, ಹೊಳೆದ ಒಳ್ಳೆಯ ಐಡಿಯಾಗಳನ್ನೆಲ್ಲ ತುಂಬಿ ಒಂದೇ ಒಂದು ಲೆವೆಲ್, ಅಂದರೆ ಗೇಮಿನ ಒಂದು ಹಂತ, ಕಟ್ಟಿತು. ಅದು ರುಚಿಸಿತು. ಅದನ್ನೇ ಅಳತೆಗೋಲು ಮಾಡಿಕೊಂಡು ಉಳಿದದ್ದನ್ನು ಬಹುಪಾಲು ಹೊಸದಾಗಿ ಮಾಡಿದರು. ಹೊರಗಿನವರನ್ನು ಕರೆಸಿ ಆಡಿಸಿ, ಹಿಂದೆ ಸುಮ್ನೆ ಕೂತು ನೋಡಿದರು. 1998ರ ನವೆಂಬರ್‌ನಲ್ಲಿ ಗೇಮ್ ಬಂತು. ಅಲ್ಲಿ ಒಬ್ಬ ಮುಖ್ಯ ಡಿಸೈನರ್ ಇರಲಿಲ್ಲ ನಿಜ, ಆದರೆ ಆ ಜಾಗದಲ್ಲಿ ಆ ಲೆವೆಲ್ ಇತ್ತು. ಮಾಡಿದ್ದನ್ನು ಕೆಡವಿ ಮತ್ತೆ ಕಟ್ಟುವ ದುಡ್ಡು ನಮ್ಮಂಥ ಸಣ್ಣ ತಂಡಕ್ಕೆಲ್ಲಿ?

ಹಾಗಾಗಿ ಆಡುವವರಿಗೆ ಏನು ಅನ್ನಿಸಬೇಕು ಅನ್ನುವುದನ್ನು ನಮ್ಮಲ್ಲಿ ಒಬ್ಬರೇ ತೀರ್ಮಾನಿಸುತ್ತೇವೆ. ಅದನ್ನು ಹೇಗೆ ಮಾಡುವುದು ಅನ್ನುವುದು ಇಡೀ ತಂಡಕ್ಕೆ ಬಿಟ್ಟದ್ದು.

ಗದಗ ಹತ್ತಿರದ ಲಕ್ಕುಂಡಿಯ ಹಳೆಯ ಮೆಟ್ಟಿಲು ಬಾವಿ, ಮುಸುಕಿನ ಬಾವಿ, ನೋಡಿಕೊಂಡು ಒಂದು ಲೆವೆಲ್ ಮಾಡುತ್ತಿದ್ದೆವು. ಕತ್ತಲಲ್ಲಿ ಮೆಟ್ಟಿಲಿಳಿದು ನೀರು ಮುಟ್ಟಬೇಕು. ದಾರಿ ತಾವೇ ಹುಡುಕಿದೆವು ಅಂತ ಆಡುವವರಿಗೆ ಅನ್ನಿಸಬೇಕು, ಬಾಣದ ಗುರುತು ಬೇಡ ಅಂದೆ. ಒಬ್ಬ ಪಿಯುಸಿ ಹುಡುಗನ ಕೈಗೆ ಫೋನ್ ಕೊಟ್ಟೆವು. ಅದೇ ಮೆಟ್ಟಿಲ ಮೇಲೆ ಸುತ್ತಿ ಸುತ್ತಿ, "ಎಲ್ಲಿ ಹೋಗಬೇಕು ತಿಳೀವಲ್ದ್ರೀ" ಅಂತ ಫೋನ್ ಕೆಳಗಿಟ್ಟ. ಬಾಣ ಹಾಕೋಣ ಅಂತ ಕೋಡ್ ಬರೆಯುವವರು ಅಂದರು. ನಾನು ಒಪ್ಪಲಿಲ್ಲ.

ಪರಿಹಾರ ಕೊಟ್ಟಿದ್ದು ನಾನಲ್ಲ. ಆ ಬಾವಿಯ ಗೋಡೆಯಲ್ಲಿ ಪುಟ್ಟ ಪುಟ್ಟ ಗುಡಿಗಳಿವೆ. ಚಿತ್ರ ಬರೆಯುವಾಕೆ ಇಳಿಯುವ ದಾರಿಯ ಗುಡಿಗಳಲ್ಲಿ ಮಾತ್ರ ಹಣತೆ ಹಚ್ಚಿದರು. ಸೌಂಡ್ ನೋಡಿಕೊಳ್ಳುವವರು, ಕೆಳಗಿಳಿದಷ್ಟೂ ನೀರು ತೊಟ್ಟಿಕ್ಕುವ ಸದ್ದು ಜೋರು ಮಾಡಿದರು. ಮುಂದಿನ ಸಲ ಆಡಿದ ಹುಡುಗಿ ಯಾರನ್ನೂ ಕೇಳದೆ ನೀರಿನ ತನಕ ಇಳಿದಳು.

ಮೆಟ್ಟಿಲ ಮೇಲೆ ನಾಣ್ಯ ಇಡೋಣ ಅನ್ನುವ ಮಾತೂ ಬಂತು. ಐಡಿಯಾ ಚೆನ್ನಾಗೇ ಇತ್ತು. ಆದರೆ ನಾಣ್ಯ ಕಂಡರೆ ಕಣ್ಣು ಅದರ ಮೇಲೇ ಹೋಗುತ್ತದೆ, ಬಾವಿಯನ್ನು ಯಾರು ನೋಡುತ್ತಾರೆ? ಕಾರಣ ಬಿಡಿಸಿ ಹೇಳಿ ಬೇಡ ಅಂದೆ. ಆ ಸಂಜೆಯೇ ತಂಡ ಮುಂದಿನ ಲೆವೆಲ್‌ಗೆ ಕೈ ಹಾಕಿತು.